ಗಾಜಿನ ಪೆಟ್ಟಿಗೆಯ ಬೆಳ್ಳಿ ರೂಪಾಯಿ

ಹುಬ್ಬಳ್ಳಿಯ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುವ ಬಾಳವ್ವನಿಗೆ ದೀಪಾವಳಿಯ ಲಕ್ಷ್ಮೀಪೂಜೆಗೆ ಒಂದು ಹಳೆಯ ಬೆಳ್ಳಿ ರೂಪಾಯಿ ಬೇಕಾಗಿತ್ತು. ಹೋದ ವರ್ಷ ಫೋನಿನಲ್ಲಿ ಚಿತ್ರ ನೋಡಿ ತರಿಸಿದ್ದಳು. ಬೆಳ್ಳಿಯಾದರೆ ಕಲ್ಲಿಗೆ ತಟ್ಟಿದಾಗ ಪೂಜೆಯ ಗಂಟೆಯ ಹಾಗೆ ದನಿ ಎಳೆಯಬೇಕು. ಇದು ಎಲ್ಲರಿಗೂ ಗೊತ್ತಿರುವ ಪರೀಕ್ಷೆ. ಆ ರೂಪಾಯಿ ಹಂಚಿನ ಚೂರಿನ ಹಾಗೆ ಟಪ್ ಎಂದಿತ್ತು. "ಲಕ್ಷ್ಮಿಗೂ ಟೋಪಿ ಹಾಕಿದೆಲ್ಲ" ಎಂದು ಅತ್ತೆ ವರ್ಷವಿಡೀ ಆಡಿಕೊಂಡಿದ್ದಳು. ಈ ಸಲವೂ ಮೋಸಹೋದರೆ ಮನೆಯಲ್ಲಿ ತಲೆಯೆತ್ತುವಂತಿರಲಿಲ್ಲ. ಅದಕ್ಕೇ ಬಾಳವ್ವ ನಾಣ್ಯಗಳ ಪ್ರದರ್ಶನಕ್ಕೆ ತಾನೇ ಬಂದಳು.

ಅಲ್ಲಿ ವ್ಯಾಪಾರಿ ಶಿರಗುಪ್ಪಿ ಸಾವಕಾರರು ಗಾಜಿನ ಪೆಟ್ಟಿಗೆಯ ಮೇಲೆ ಕೈಯೂರಿ ಕೂತಿದ್ದರು.

"ಮುಟ್ಟಂಗಿಲ್ಲ ನೋಡವಾ. ಗಾಜಿನ ಮ್ಯಾಲಿಂದ ನೋಡು, ರೊಕ್ಕ ಕೊಡು, ಒಯ್ಯಿ. ಮಾರಿದ್ದು ವಾಪಸ್ ತಗೊಳ್ಳಂಗಿಲ್ಲ."

ಬಾಳವ್ವ ಚೀಲದಿಂದ ನೋಟು ತೆಗೆದು, ಹರಡಿ, ಫೋನಿನಲ್ಲಿ ಫೋಟೋ ಹೊಡೆದಳು. ನೋಟನ್ನು ಮತ್ತೆ ಚೀಲಕ್ಕೆ ಸೇರಿಸಿ, ಫೋಟೋವನ್ನು ಸಾವಕಾರರ ಮೂಗಿನ ಮುಂದೆ ಹಿಡಿದಳು.

"ತಗೋರಿ ರೊಕ್ಕ."

"ಏ ತಂಗಿ, ನೋಟು ಕೈಗೆ ಬರಬೇಕು. ಖರೇ ಐತೋ, ಖೊಟ್ಟಿ ಐತೋ, ಮುಟ್ಟಿ ನೋಡಬೇಕಲ್ಲ."

"ನಾನೂ ಅದನ್ನ ಹೇಳಾಕತ್ತೀನ್ರಿ."

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಸಾವಕಾರರಿಗೆ ಪೆಟ್ಟಿಗೆ ತೆರೆಯದೆ ಗತಿಯಿರಲಿಲ್ಲ. ಬಾಳವ್ವ ರೂಪಾಯಿಯನ್ನು ನೆಲದ ಕಲ್ಲಿಗೆ ತಟ್ಟಿದಳು.

ಟಪ್.

ಸಾವಕಾರರು ಗಡಿಬಿಡಿಯಿಂದ ಒಳಗಿನ ಡಬ್ಬಿಯಿಂದ ಇನ್ನೊಂದನ್ನು ತೆಗೆದುಕೊಟ್ಟರು. ಅದು ಠಣ್ಣೆಂದು ದನಿ ಎಳೆಯಿತು.

"ಮೊದಲಿಂದು ಬರೇ ನೋಡಾಕ ಇಟ್ಟದ್ದವಾ" ಎಂದು ಅವರು ಬೆವರೊರೆಸಿಕೊಂಡರು.

ಬಾಳವ್ವ ನೋಟು ಕೊಡುತ್ತಾ ಅಂದಳು: "ಮೊದಲ ಹೇಳಬಾರದೇನ್ರಿ? ಅದಕ್ಕ ಫೋಟೋದಾಗಿನ ರೊಕ್ಕನ ಸರಿಹೋಗ್ತಿತ್ತು."