ಬಾವಿಯ ತಳದಿಂದ ಒಂದು ಕೂಗು

"ಮೇಷ್ಟ್ರೇ, ಇನ್ನು ನನ್ನಿಂದ ಆಗುವುದಿಲ್ಲ ಎಂದು ಹೇಳಿಬಿಟ್ಟರೆ ಅದು ಸೋಲಲ್ಲವೇ?" ಎಂದು ಅಂಬಿಕಾ ಕೇಳಿದಳು.

ಅವಳು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿದ್ದಳು. ಅವಳ ಕೇರಿಯಲ್ಲಿ ಅಷ್ಟು ಓದಿದವರು ಇನ್ನೊಬ್ಬರಿರಲಿಲ್ಲ. ಅವಳಿಗೆ ಸೀಟು ಸಿಕ್ಕಾಗ ಕೇರಿಯವರು ಅವಳ ಫೋಟೊ ಹಾಕಿ, 'ನಮ್ಮ ಹೆಮ್ಮೆ' ಎಂದು ಬ್ಯಾನರ್ ಕಟ್ಟಿದ್ದರು. ಈಗ ಮೂರು ತಿಂಗಳಿಂದ ಅವಳಿಗೆ ಸರಿಯಾಗಿ ನಿದ್ದೆಯಿಲ್ಲ. ಊಟ ಸೇರುವುದಿಲ್ಲ, ಓದಿದ ಸಾಲು ತಲೆಗೆ ಹತ್ತುವುದಿಲ್ಲ. ಪ್ರಯೋಗಾಲಯದಲ್ಲಿ ನಿಂತಲ್ಲೇ ಅಳು ಬರುತ್ತದೆ. ಒಂದು ಸೆಮಿಸ್ಟರ್ ಬಿಟ್ಟು ಚಿಕಿತ್ಸೆ ತೆಗೆದುಕೋ ಎಂದು ವೈದ್ಯರು ಹೇಳಿದ್ದರು. ಅದನ್ನು ಅವಳು ಮನೆಯಲ್ಲೂ ಹೇಳಿರಲಿಲ್ಲ, ವಿಭಾಗದಲ್ಲೂ ಹೇಳಿರಲಿಲ್ಲ. ಚಿಕ್ಕಂದಿನಲ್ಲಿ ಲೆಕ್ಕ ಕಲಿಸಿದ ತಿಪ್ಪಯ್ಯ ಮೇಷ್ಟ್ರ ಮುಂದೆ ಮಾತ್ರ ಬಾಯಿ ಬಿಟ್ಟಿದ್ದಳು.

"ಸೋಲು ಗೆಲುವಿನ ಪಾಠ ನಾನು ಮಾಡಿದವನಲ್ಲ. ನಾನು ಬಾವಿ ತೋಡುವವರ ಮನೆಯಲ್ಲಿ ಹುಟ್ಟಿದವನು. ನಮ್ಮವರ ಕತೆಯೊಂದಿದೆ, ಎದೆಯುಬ್ಬಿಸಿಯೇ ಹೇಳುತ್ತೇನೆ, ಕೇಳು" ಎಂದು ಮೇಷ್ಟ್ರು ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಬಾವಿ ತೋಡುವವನಿದ್ದ. ಮೂವತ್ತು ಬಾವಿ ತೋಡಿದ್ದ, ಮೂವತ್ತರಲ್ಲೂ ನೀರು ಬಂದಿತ್ತು. ಬೆಳಗ್ಗೆ ಇಳಿದರೆ ಹೊತ್ತು ಮುಳುಗುವವರೆಗೆ ಮೇಲೆ ಬರುವವನಲ್ಲ. ನಡುವೆ ಒಮ್ಮೆಯೂ 'ನನ್ನನ್ನು ಎಳೆಯಿರಿ' ಎಂದವನಲ್ಲ. ಹೊಸ ಊರಿಗೆ ಹೋದರೆ, 'ಇಳಿದರೆ ಕೂಗದವನು' ಎಂದೇ ಜನ ಅವನ ಗುರುತು ಹೇಳುತ್ತಿದ್ದರು. ಅದನ್ನು ಕೇಳಿ ಅವನು ಒಳಗೊಳಗೇ ಹಿಗ್ಗುತ್ತಿದ್ದ. ಹೊಗಳಿಕೆ ಯಾರಿಗೆ ಕಹಿ?

ಮೂವತ್ತೊಂದನೆಯ ಬಾವಿ ಎಂಟಾಳು ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಒಂದು ಪದರ ಅಡ್ಡ ಬಂತು, ಅದನ್ನು ಒಡೆದ. ಸ್ವಲ್ಪ ಹೊತ್ತಿಗೆ ತಲೆ ಸಿಡಿಯತೊಡಗಿತು. ಹಾರೆ ಎತ್ತಲು ಹೋದರೆ ತೋಳು ಏಳಲಿಲ್ಲ. ಬೆಳಗ್ಗೆ ಸರಿಯಾಗಿ ಉಂಡಿಲ್ಲ, ಅದಕ್ಕೇ ಎಂದುಕೊಂಡ. ಮತ್ತೆ ಎತ್ತಲು ಹೋದ, ಆಗಲಿಲ್ಲ. ಮೈಗಳ್ಳನಾದೆ ಎಂದು ತನ್ನನ್ನೇ ಬೈದುಕೊಂಡ. ಬೈಗುಳದಿಂದ ಬಲ ಬರುವುದಾದರೆ ಲೋಕದಲ್ಲಿ ಬಲಹೀನರೇ ಇರುತ್ತಿರಲಿಲ್ಲ. ಅವನ ಮಂಡಿ ಕುಸಿಯಿತು.

ಮೇಲೆ ಊರಿನವರೆಲ್ಲ ನೆರೆದಿದ್ದರು. ಅವರ ನಡುವೆ ಇನ್ನೊಬ್ಬ ಬಾವಿ ತೋಡುವವನೂ ಇದ್ದ. ಇವನು ಯಾವಾಗ ಸೋತಾನು, ತಾನು ಯಾವಾಗ ಇಳಿದೇನು ಎಂದು ಅವನು ಕಾಯುತ್ತಿದ್ದ. ತಳದಲ್ಲಿದ್ದವನು ಕೂಗಿದರೆ ಮೂವತ್ತು ಬಾವಿಯ ಹೆಸರು ಹೋಗುತ್ತದೆ. ಕೂಗದಿದ್ದರೆ ಜೀವವೇ ಹೋಗುತ್ತದೆ. ಇದರಲ್ಲಿ ಯೋಚಿಸುವುದಕ್ಕೆ ಏನಿದೆ ಎನ್ನಬೇಡ. ಹೆಸರಿದ್ದವನಿಗೆ ಅದೇ ಕಷ್ಟ. ಬಹಳ ಹೊತ್ತು ಹಾರೆ ಹಿಡಿದುಕೊಂಡು ಕುಳಿತಿದ್ದ. ಕೊನೆಗೆ ಕತ್ತೆತ್ತಿ ಕೂಗಿದ.

"ಎಳೀರಪ್ಪೋ! ನನ್ ಕೈಲಿ ಆಗ್ತಿಲ್ಲ!"

ಎಳೆದರು. ಅವನು ದಂಡೆಯ ಮೇಲೆ ಅಂಗಾತ ಬಿದ್ದುಕೊಂಡ. ಕೆಲವರು ಮೂಗಿನ ಮೇಲೆ ಬೆರಳಿಟ್ಟರು, ಕೆಲವರು ಕಿಸಕ್ಕನೆ ನಕ್ಕರು. ಇನ್ನೊಬ್ಬ ಆಗಲೇ ಕಚ್ಚೆ ಬಿಗಿದಿದ್ದ. "ಇಷ್ಟಕ್ಕೇ ಸುಸ್ತಾದ್ಯಾ ಮಾವ? ಬಿಡು, ನಾನ್ ಇಳೀತೀನಿ" ಎಂದು ಹಗ್ಗಕ್ಕೆ ಕೈ ಹಾಕಿದ.

ಬಿದ್ದವನು ಮುಖ ಮುಚ್ಚಿಕೊಳ್ಳಲಿಲ್ಲ. ಬಿದ್ದಲ್ಲಿಂದಲೇ ಹಗ್ಗ ಹಿಡಿದುಕೊಂಡು, "ಆಮೇಲೆ ನಗೀರಂತೆ. ಮೊದ್ಲು ಒಂದು ದೀಪ ಇಳಿಬಿಡಿ. ಅದು ಉರಿದ್ರೆ ನೀನು ಇಳಿ" ಎಂದ.

ಬುಟ್ಟಿಯಲ್ಲಿ ದೀಪವಿಟ್ಟು ಇಳಿಬಿಟ್ಟರು. ಏಳಾಳು ಆಳದವರೆಗೆ ಅದು ಚೆನ್ನಾಗಿಯೇ ಉರಿಯಿತು. ತಳದಲ್ಲಿ ನಿಂತವನ ಕತ್ತಿನ ಮಟ್ಟಕ್ಕೆ ಬರುತ್ತಲೇ ಆರಿಹೋಯಿತು. ಎಳೆದುಕೊಂಡು ಮತ್ತೆ ಹಚ್ಚಿ ಬಿಟ್ಟರು. ಮತ್ತೆ ಅಲ್ಲಿಯೇ ಆರಿತು. ಒಡೆದ ಬಂಡೆಯ ಬಿರುಕಿನಿಂದ ಕೆಟ್ಟ ಗಾಳಿ ಸೋರಿ ತಳದಲ್ಲಿ ತುಂಬಿಕೊಂಡಿತ್ತು. ಅದು ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ. ಇಳಿಯಲು ಹೊರಟಿದ್ದವನು ಹಗ್ಗ ಬಿಟ್ಟು ಹಿಂದೆ ಸರಿದ.

ನಾಲ್ಕು ದಿನ ಊರಿನವರು ಬೇವಿನ ಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ, ಇಳಿಸಿ ಎತ್ತಿ ಬಾವಿಯ ಗಾಳಿ ಕಡೆದರು. ಆ ನಾಲ್ಕು ದಿನವೂ ಅವನು ಗಂಜಿ ಕುಡಿದು ನೆರಳಿನಲ್ಲಿ ಮಲಗಿದ್ದ. ಯಾರೂ ಅವನನ್ನು ಏಳು ಎನ್ನಲಿಲ್ಲ. ಐದನೆಯ ದಿನ ದೀಪ ತಳ ಮುಟ್ಟಿಯೂ ಉರಿಯಿತು. ಆಗ ಅವನೇ ಇಳಿದ. ಸಂಜೆಯೊಳಗೆ ನೀರು ಬಂತು.

ಅವನನ್ನು ಹೆಗಲ ಮೇಲೆ ಹೊತ್ತು ಊರೆಲ್ಲ ಮೆರೆಸಿದವನು ಆ ಇನ್ನೊಬ್ಬನೇ. ಬಾವಿ ತೋಡಿದವನ ಹೆಂಡತಿ ಮುಂದೆ ಮುಂದೆ ನಡೆದಳು. ಎದುರಾದವರಿಗೆಲ್ಲ, "ತೋಡೋಕೆ ರಟ್ಟೆ ಇದ್ರೆ ಸಾಕು ಕಣವ್ವಾ. ಕೂಗೋಕೆ ಗುಂಡಿಗೆ ಬೇಕು. ನನ್ ಗಂಡನಿಗೆ ಎರಡೂ ಐತೆ" ಎಂದಳು. ಮೂವತ್ತು ಬಾವಿಗೂ ಅವಳು ಅಷ್ಟು ತಲೆಯೆತ್ತಿ ನಡೆದಿರಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿ, "ಅವನು ನನ್ನ ಮುತ್ತಜ್ಜ. ಅವನು ಆ ದಿನ ಕೂಗದೇ ಹೋಗಿದ್ದರೆ, ನಿನಗೆ ಮಗ್ಗಿ ಹೇಳಿಕೊಡಲು ಬೇರೆ ಯಾರನ್ನಾದರೂ ಹುಡುಕಬೇಕಾಗುತ್ತಿತ್ತು" ಎಂದು ನಕ್ಕರು.

ಅಂಬಿಕಾ ನಗಲಿಲ್ಲ. ಅವಳನ್ನು ಇನ್ನೂ ಒಂದು ಮಾತು ಕೊರೆಯುತ್ತಿತ್ತು. "ಆದರೆ ಮೇಷ್ಟ್ರೇ, ಅದೇ ವಿಭಾಗದಲ್ಲಿ ಇನ್ನೂ ನಲವತ್ತು ಜನ ಓದುತ್ತಿದ್ದಾರೆ. ಎಲ್ಲರಿಗಿಂತ ಮೊದಲು ಆರಿಹೋದವಳು ನಾನೇ ಅಲ್ಲವೇ?" ಎಂದಳು.

"ಆ ದಿನ ದೀಪ ಆರಿದಾಗ, ಊರಿನಲ್ಲಿ ಒಬ್ಬರೂ ದೀಪವನ್ನು ಬೈಯಲಿಲ್ಲ, ಮಗಳೇ" ಎಂದರು ಮೇಷ್ಟ್ರು.

ಅಂಬಿಕಾ ಫೋನ್ ತೆಗೆದು ಮನೆಗೆ ಕರೆ ಮಾಡಿದಳು.