ಪ್ರಿಸಿಲ್ಲಾಳಿಗಾಗಿ ಒಂದು ಪ್ರಾರ್ಥನೆ

“ಅಯ್ಯನವರೇ, ಒಬ್ಬರ ಹೆಸರು ಹೇಳಿ, ಅವರ ಗರ್ವ ಇಳಿಯಲಿ ಎಂದು ಕೂಟದಲ್ಲಿ ಪ್ರಾರ್ಥನೆ ಮಾಡಿಸುವುದು ತಪ್ಪೇ?” ಎಂದು ಜಯಶೀಲ ಕೇಳಿದ.

ಜಯಶೀಲ ಚರ್ಚಿನ ಸಭೆಯ ಯುವಜನ ಕೂಟವನ್ನು ನಡೆಸುವವನು. ಸತ್ಯಮಿತ್ರ ಅಯ್ಯನವರು ಅದೇ ಸಭೆಯ ಹಿರಿಯ ಬೋಧಕರು, ಅವನಿಗೆ ದೇವರ ವಾಕ್ಯ ಕಲಿಸಿದವರು.

“ಯಾರಪ್ಪಾ ಆ ಗರ್ವಿಷ್ಠ?”

“ನಾನೇ ಕೈಹಿಡಿದು ತಯಾರು ಮಾಡಿದ ಹುಡುಗ. ಈಗ ಬೈಬಲ್ ಪಾಠಕ್ಕೆ ಎಲ್ಲರೂ ಅವನನ್ನೇ ಕರೆಯುತ್ತಾರೆ.”

“ಕರೆಯುವವರು ಅವರು, ಗರ್ವ ಇವನಿಗೆ! ಕೂತುಕೋ ಮಾರಾಯ, ಒಂದು ಕತೆ ಹೇಳುತ್ತೇನೆ” ಎಂದು ಅಯ್ಯನವರು ಶುರುಮಾಡಿದರು.

ಒಂದು ಊರಿನ ಸಭೆಯಲ್ಲಿ ಒಬ್ಬ ಗಿಟಾರ್ ಮಾಸ್ತರನಿದ್ದ. ಆ ಊರಿನ ಹುಡುಗ ಹುಡುಗಿಯರು ಆರಾಧನೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಜಾರಿಕೊಳ್ಳುತ್ತಿದ್ದರು. ಹಿರಿಯರು ಬೈದು ನೋಡಿದರು. ತಿಂಡಿ ಕೊಟ್ಟು ನೋಡಿದರು. ತಿಂಡಿ ತಿಂದು ಜಾರಿಕೊಂಡರು. ಕೊನೆಗೆ ಈ ಮಾಸ್ತರ, ಆರಾಧನೆಯ ನಂತರ ಗಿಟಾರ್ ಕಲಿಸುತ್ತೇನೆ ಎಂದ. ಮಕ್ಕಳು ನಿಂತರು. ಕಲಿಸುವುದರಲ್ಲಿ ಅವನು ಒಳ್ಳೆಯವನೇ, ಇಲ್ಲವೆನ್ನಬಾರದು. ತಂತಿ ಒತ್ತಿ ಬೆರಳು ಉರಿದು ಯಾರಾದರೂ ಅಳುಮೋರೆ ಮಾಡಿದರೆ, ತನ್ನ ಬೆರಳ ತುದಿಯ ಗಟ್ಟಿ ಚರ್ಮ ತೋರಿಸಿ, ನನಗೂ ಹೀಗೇ ಉರಿದಿತ್ತು, ಬಿಡಬೇಡ ಎನ್ನುತ್ತಿದ್ದ. ಮಕ್ಕಳು ಅವನನ್ನು ಬಿಟ್ಟು ಅಲುಗುತ್ತಿರಲಿಲ್ಲ. ಅದು ಅವನಿಗೆ ಬಲು ಹಿತವಾಗಿತ್ತು.

ಅವರಲ್ಲಿ ಪ್ರಿಸಿಲ್ಲಾ ಎಂಬ ಹುಡುಗಿ. ಮಾತು ಕಡಿಮೆ, ಕಿವಿ ಚುರುಕು. ಅವಳಿಗೆ ಸ್ವಂತ ಗಿಟಾರ್ ಇರಲಿಲ್ಲವೆಂದು ಮಾಸ್ತರನೇ ತನ್ನ ಹಳೆಯದನ್ನು ಕೊಟ್ಟಿದ್ದ.

ನಮ್ಮ ಸಭೆಗಳ ಅಜ್ಜಿಯರು ನಿನಗೆ ಗೊತ್ತಲ್ಲ. ವಾದ್ಯಕ್ಕೆ ಕಾಯುವವರಲ್ಲ. ತಮ್ಮ ಶ್ರುತಿಯಲ್ಲಿ ತಾವು ಕೀರ್ತನೆ ಎತ್ತಿಕೊಂಡುಬಿಡುತ್ತಾರೆ. ಒಂದು ಭಾನುವಾರ ಒಬ್ಬ ಅಜ್ಜಿ ಹಾಗೇ ಮಾಡಿದಳು. ಮಾಸ್ತರ ಬೆರಳಿಟ್ಟಲ್ಲೆಲ್ಲ ಅಪಸ್ವರ. ತಡಕಾಡಿದ, ಬೆವರಿದ. ಅಷ್ಟರಲ್ಲಿ ಪ್ರಿಸಿಲ್ಲಾ ಎರಡನೆಯ ಸಾಲಿಗೇ ಅಜ್ಜಿಯ ಶ್ರುತಿ ಹಿಡಿದು ಜೊತೆಗೂಡಿದಳು. ಸಭೆಯೆಲ್ಲ ಎದೆ ತುಂಬಿ ಹಾಡಿತು. ಆರಾಧನೆ ಮುಗಿದ ಮೇಲೆ ಅಜ್ಜಿ ಅವಳ ಗಲ್ಲ ಸವರಿ, “ನನ್ನ ತಾಯೀ, ಇನ್ನು ಮೇಲೆ ನಾನು ಹಾಡುವಾಗ ನೀನೇ ಬಾರಿಸು” ಎಂದಳು. ಮಾಸ್ತರ ಪಕ್ಕದಲ್ಲೇ ನಿಂತು ಹಲ್ಲು ಕಿರಿದ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಅಂದಿನಿಂದ ಅವನ ಕಣ್ಣು ಅವಳ ಮೇಲೆಯೇ. ಚಿಕ್ಕ ಮಕ್ಕಳು “ಅಕ್ಕಾ, ಇದು ಹೇಗೆ?” ಎಂದು ಅವಳ ಬಳಿ ಓಡಿದರೆ ಇವನಿಗೆ ಊಟ ಸೇರದು. ಎಡವಲಿ ಎಂದು ಬೇಕುಬೇಕೆಂದೇ ಹಾಡನ್ನು ಅಡ್ಡಾದಿಡ್ಡಿ ಶ್ರುತಿಯಲ್ಲಿ ಎತ್ತಿದ. ಅವಳು ಎಡವಲಿಲ್ಲ. ಸರ್ ತನಗೆ ಹೊಸದೇನೋ ಕಲಿಸುತ್ತಿದ್ದಾರೆ ಎಂದುಕೊಂಡು ಖುಷಿಪಟ್ಟಳು. ಬೈಯೋಣವೆಂದರೆ ತಪ್ಪು ಸಿಗದು. ಎಲ್ಲರಿಗಿಂತ ಮೊದಲು ಬರುತ್ತಾಳೆ, ಚಾಪೆ ಹಾಸುತ್ತಾಳೆ, ಸರ್ ಸರ್ ಎಂದು ಹಿಂದೆಯೇ ತಿರುಗುತ್ತಾಳೆ. ಏನೆಂದು ಬೈಯುವುದು, ಹೇಳು?

ಶನಿವಾರ ಪ್ರಾರ್ಥನಾ ಕೂಟ. ಯಾರಿಗಾಗಿ ಪ್ರಾರ್ಥಿಸಬೇಕು ಎಂದು ಹಿರಿಯರು ಕೇಳುವುದು ರೂಢಿ. ಒಬ್ಬರು ತಮ್ಮ ಮಂಡಿನೋವು ಹೇಳಿದರು, ಇನ್ನೊಬ್ಬರು ಮಗಳ ಮದುವೆ. ಅಂದು ಪ್ರಿಸಿಲ್ಲಾ ಬಂದಿರಲಿಲ್ಲ. ಮಾಸ್ತರ ಎದ್ದು ನಿಂತ. “ನಮ್ಮ ಪ್ರಿಸಿಲ್ಲಾಳಿಗಾಗಿ ಪ್ರಾರ್ಥಿಸಿ. ಕರ್ತನು ಆಕೆಗೆ ದೊಡ್ಡ ವರ ಕೊಟ್ಟಿದ್ದಾನೆ. ಅದು ತಲೆಗೇರಿ ಮಗು ಬಿದ್ದುಹೋಗಬಾರದು. ನನ್ನ ಮನಸ್ಸಿಗೆ ತುಂಬಾ ಭಾರವಾಗಿದೆ” ಎಂದ. ಸ್ವರವನ್ನು ಸ್ವಲ್ಪ ನಡುಗಿಸಿದ ಕೂಡ. ಎಲ್ಲರೂ ಆಮೆನ್ ಅಂದರು. ಎಂಥ ಗುರು, ಶಿಷ್ಯೆಯ ಮೇಲೆ ಎಷ್ಟು ಕಾಳಜಿ ಎಂದು ಕೆಲವರು ಕಣ್ಣೊರೆಸಿಕೊಂಡರು.

ಮುಗಿಯಿತು. ಅಂದಿನಿಂದ ಸಭೆಯವರಿಗೆ ಅವಳಲ್ಲಿ ಗರ್ವ ಕಾಣತೊಡಗಿತು. ನಕ್ಕರೆ ಗರ್ವ, ನಗದಿದ್ದರೆ ಗರ್ವ. ಹೊಸ ಚೂಡಿದಾರ ಹಾಕಿಕೊಂಡು ಬಂದಳೋ, ನೋಡಿದಿರಾ ಎಂದು ಮೂಗು ಮುರಿದರು. ಒಬ್ಬ ಹಿರಿಯರಂತೂ ಅವಳ ತಲೆಯ ಮೇಲೆ ಕೈಯಿಟ್ಟು, ಈ ಮಗಳ ಗರ್ವವನ್ನು ಮುರಿ ಕರ್ತನೇ ಎಂದು ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿದರು. ಹುಡುಗಿ ಬೆಚ್ಚಿಬಿದ್ದಳು. ದೊಡ್ಡವರೆಲ್ಲ ಹೇಳುತ್ತಿದ್ದಾರೆಂದರೆ ಇರಲೇಬೇಕು ಎಂದುಕೊಂಡಳು. ಮೊದಲು ಮೆಲ್ಲಗೆ ಬಾರಿಸಿದಳು. ಆಮೇಲೆ ಹಿಂದಿನ ಸಾಲಿಗೆ ಹೋದಳು. ಅಜ್ಜಿ ಕರೆದರೂ ಮುಂದೆ ಬರಲಿಲ್ಲ. ಮಾಸ್ತರನಿಗೆ ಬಹಳ ದಿನಗಳ ಮೇಲೆ ಊಟ ರುಚಿಸಿತು.

ಒಂದು ಭಾನುವಾರ ಅವಳು ಗಿಟಾರನ್ನು ಚೀಲದಲ್ಲಿ ಹಾಕಿ ತಂದು ಅವನ ಮುಂದಿಟ್ಟಳು. ಅತ್ತು ಅತ್ತು ಅವಳ ಮುಖ ಊದಿಕೊಂಡಿತ್ತು.

“ತಗೊಳ್ಳಿ ಸರ್. ನನ್ನಲ್ಲಿ ಗರ್ವ ಇದೆಯೆಂದು ನನಗೇ ಗೊತ್ತಿರಲಿಲ್ಲ. ಇನ್ನು ಇದನ್ನು ಮುಟ್ಟುವುದಿಲ್ಲ. ನನಗೋಸ್ಕರ ಮೊದಲು ಪ್ರಾರ್ಥನೆ ಮಾಡಿಸಿದವರು ನೀವೇ ಅಂತೆ. ನಿಮ್ಮ ಉಪಕಾರ ಮರೆಯುವುದಿಲ್ಲ” ಎಂದಳು.

ಮಾಸ್ತರ ಚೀಲವನ್ನೇ ನೋಡಿದ. ನಿನಗೆ ಗರ್ವವಿಲ್ಲ ಮಗು, ನನಗೆ ಹೊಟ್ಟೆಕಿಚ್ಚು; ಇಷ್ಟು ಹೇಳಿದ್ದರೆ ಸಾಕಿತ್ತು. ಮಾತು ನಾಲಿಗೆಯ ತುದಿಗೂ ಬಂತು. ಅಷ್ಟರಲ್ಲಿ ಚಿಕ್ಕ ಮಕ್ಕಳು ತಮ್ಮ ತಮ್ಮ ಗಿಟಾರ್ ಹಿಡಿದು, ಅಕ್ಕ ಇನ್ನು ಹೇಳಿಕೊಡುವುದಿಲ್ಲವೆಂದು, ಅವನ ಸುತ್ತ ಬಂದು ಕೂತರು. ಅವರು ಹಾಗೆ ಬಂದು ಎಷ್ಟು ಕಾಲವಾಗಿತ್ತು! ಮಾಸ್ತರ ಮಾತು ನುಂಗಿಕೊಂಡ. ದೇವರು ಒಳ್ಳೆಯದು ಮಾಡಲಿ ಎಂದು ಹೇಳಿ ಗಿಟಾರ್ ತೆಗೆದುಕೊಂಡ.

ಅಯ್ಯನವರು ಕತೆ ನಿಲ್ಲಿಸಿದರು. ಜಯಶೀಲನ ಮುಖ ಸಪ್ಪಗಾಗಿತ್ತು.

“ಆಮೇಲಾದರೂ ಆ ಮಾಸ್ತರ ಸಭೆಯ ಮುಂದೆ ನಿಜ ಹೇಳಿದನೇ, ಅಯ್ಯನವರೇ?” ಎಂದು ಕೇಳಿದ.

“ಮುಂದಿನ ಶನಿವಾರ ಎದ್ದು ನಿಂತ, ದೇವರು ನಮ್ಮ ಪ್ರಾರ್ಥನೆ ಕೇಳಿದನೆಂದು ಸಾಕ್ಷಿ ಹೇಳಿ ಕೂತ” ಎಂದರು ಅಯ್ಯನವರು.