ನಿನ್ನೆ ಯಾಕೆ ಬರಲಿಲ್ಲ?

“ಗುರುಗಳೇ, ಪೇಟೆಯಲ್ಲಿ ಒಂದು ಕಾಫಿ ಅಂಗಡಿ ನೋಡಿದೆ. ಅಂಥದ್ದೇ ಅಂಗಡಿಗಳು ಸಮುದ್ರದಾಚೆಯ ದೇಶಗಳಲ್ಲೂ ಸಾವಿರಾರು ಇವೆಯಂತೆ. ಒಂದು ಸಣ್ಣ ಅಂಗಡಿ ಅಷ್ಟು ಬೆಳೆಯುವುದು ಹೇಗೆ? ಆಸೆಯಿಂದ ತಾನೇ?” ಎಂದು ಶಿಷ್ಯ ಕೇಳಿದ.

“ಓಹೋ, ಉತ್ತರವನ್ನೂ ನೀನೇ ತಂದಿದ್ದೀಯಲ್ಲ! ಮತ್ತೆ ನಾನ್ಯಾಕೆ?” ಎಂದು ಗುರು ನಕ್ಕರು. “ಇರಲಿ, ಕೂತುಕೋ. ಇನ್ನೊಂದು ಅಂಗಡಿಯ ಕತೆ ಹೇಳುತ್ತೇನೆ.”

ಒಬ್ಬ ವರ್ತಕನಿದ್ದ. ಬೀಜ ಹುರಿದು, ಪುಡಿ ಮಾಡಿ, ಕಾಫಿ ಕಾಸಿ ಮಾರುತ್ತಿದ್ದ. ಲೋಟ ತಂದಿಡುತ್ತಿದ್ದವಳು ಅವನ ಹೆಂಡತಿ. ಕಾಫಿ ಎಲ್ಲರ ಕಾಫಿಯ ಹಾಗೆಯೇ ಇತ್ತು. ಸುಳ್ಳು ಯಾಕೆ ಹೇಳಲಿ. ಆದರೆ ಒಂದು ದಿನ ತಪ್ಪಿಸಿ ಬಂದವರನ್ನು ಅವಳು ಬಿಡುತ್ತಿರಲಿಲ್ಲ. “ನಿನ್ನೆ ಯಾಕೆ ಬರಲಿಲ್ಲ?” ಎನ್ನುವಳು. ಜ್ವರವೆಂದರೆ ಶುಂಠಿ ಜಜ್ಜಿ ಕಷಾಯ ಕೊಡುವಳು. ಮನೆಯಲ್ಲಿ ಜಗಳವೆಂದರೆ ಬೈದು ಕಳಿಸುವಳು. ಅದೊಂದು ಮಾತಿಗಾಗಿ ಜನ ಮೂರು ಹೋಟೆಲು ದಾಟಿ ಬರುತ್ತಿದ್ದರು.

ವರ್ತಕ ಜಾಣ. ಗುಟ್ಟು ಹಿಡಿದುಬಿಟ್ಟ. ಸುತ್ತಮುತ್ತಲ ಊರುಗಳಲ್ಲಿ ಅಂಗಡಿ ತೆರೆದ. ಲೋಟ ಇಡುವ ಹುಡುಗಿಯರಿಗೆಲ್ಲ ಆ ಮಾತನ್ನು ಕಲಿಸಿದ. ಯಾರೇ ಬರಲಿ, ಮೊದಲು ಅದನ್ನೇ ಕೇಳಬೇಕು. ಹಿಂದೆಂದೂ ಬಾರದವರನ್ನೂ ಕೇಳಬೇಕು. ಅವರು ಮೊದಲು ತಬ್ಬಿಬ್ಬಾಗುತ್ತಿದ್ದರು, ಆಮೇಲೆ ಖುಷಿಪಡುತ್ತಿದ್ದರು. ತನಗಾಗಿ ಯಾರೋ ಕಾದಿದ್ದರು ಎಂದರೆ ಯಾರಿಗೆ ಬೇಡ? ಹೀಗೆ ಹನ್ನೊಂದು ಅಂಗಡಿಗಳಾದವು.

ಹನ್ನೆರಡನೆಯದು ತೆರೆಯುವ ಹೊತ್ತಿಗೆ ಹೆಂಡತಿ ಕೆಮ್ಮು ಹತ್ತಿ ಹಾಸಿಗೆ ಹಿಡಿದಳು. “ಒಂದು ಸಲ ಬಂದು ಮುಖ ತೋರಿಸಿ ಹೋಗಿ” ಎಂದು ಹೇಳಿಕಳಿಸಿದಳು. ಹೊಸ ಅಂಗಡಿಯಿಂದ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. “ನಾಳೆ ಬರುತ್ತೇನೆ” ಎಂದು ಇವನು ಹೇಳಿಕಳಿಸಿದ. ಆ ದಿನ ಇವನು ಮಾಡಿದ್ದೇನು ಗೊತ್ತೇ? ರಸ್ತೆಯಾಚೆ ನಿಂತು, ಹೊಸ ಬೋರ್ಡು ನೆಟ್ಟಗೆ ಕೂತಿದೆಯೇ ಎಂದು ನೋಡುತ್ತಿದ್ದ. ಅಷ್ಟೇ ಕಣಯ್ಯ!

ಮರುದಿನ ಬೆಳಿಗ್ಗೆ ಹಾಲು ಉಕ್ಕಿಸಿ ಅಂಗಡಿ ತೆರೆದರು. ಮೊದಲ ಲೋಟ ಯಜಮಾನನಿಗೆ. ಹೊಸ ಹುಡುಗಿ ಲೋಟ ಇಟ್ಟು ಕೇಳಿದಳು: “ನಿನ್ನೆ ಯಾಕೆ ಬರಲಿಲ್ಲ?”

ದನಿ ಹೆಂಡತಿಯದು. ಮಾತಿನ ಕೊನೆಗೆ ಅವಳ ಕೆಮ್ಮೂ ಇತ್ತು. “ಕೆಲಸವಿತ್ತು ಕಣೇ” ಎಂದು ವರ್ತಕ ಬಾಯಿಗೆ ಬಂದದ್ದನ್ನು ಹೇಳಿ ತಲೆಯೆತ್ತಿದ. ಎದುರಿಗಿದ್ದದ್ದು ಆ ಹುಡುಗಿಯೇ. “ನೀವು ಕಲಿಸಿದ್ದನ್ನೇ ಕೇಳಿದೆ ಸ್ವಾಮಿ” ಎಂದು ಅವಳು ಹೆದರಿ, ತನ್ನದೇ ದನಿಯಲ್ಲಿ ಹೇಳಿದಳು. ಅಷ್ಟರಲ್ಲಿ ಮನೆಯಿಂದ ಆಳು ಬಂದ. ಹೆಂಡತಿ ಬೆಳಗಿನ ಜಾವ ಪ್ರಾಣ ಬಿಟ್ಟಿದ್ದಳು. ಹಿಂದಿನ ದಿನವಿಡೀ ಬಾಗಿಲನ್ನೇ ನೋಡುತ್ತಿದ್ದಳಂತೆ.

ಕರ್ಮವೆಲ್ಲ ಮುಗಿದ ಮೇಲೆ ಅವನು ಅದೇ ಅಂಗಡಿಗೆ ಬಂದು, ಅದೇ ಬೆಂಚಿನ ಮೇಲೆ ಕೂತ. ದಿನವೂ ಕೂತ. ಹುಡುಗಿ ದಿನವೂ ಕೇಳಿದಳು, ತನ್ನ ದನಿಯಲ್ಲಿ. ಕೊನೆಗೆ ಹದಿಮೂರನೆಯ ಅಂಗಡಿ ತೆರೆದ. ಮೊದಲ ದಿನ, ಮೊದಲ ಲೋಟಕ್ಕೆ, ಆ ದನಿ ಬಂತು, ಕೆಮ್ಮೂ ಬಂತು. “ಕೆಲಸವಿತ್ತು ಕಣೇ” ಎಂದ. ಮತ್ತೆ ಆ ಅಂಗಡಿಯಲ್ಲಿ ಆ ದನಿ ಕೇಳಿಸಲಿಲ್ಲ. ಹದಿನಾಲ್ಕನೆಯದು ತೆರೆದ. ಅಲ್ಲಿಯೂ ಹಾಗೆಯೇ, ಒಂದೇ ಸಲ.

ನೂರಾಯಿತು. ಊರುಗಳು ಸಾಲದೆ ಸಮುದ್ರ ದಾಟಿದ. ಅಲ್ಲಿನ ಹುಡುಗಿಯರಿಗೆ ಅವರ ಭಾಷೆಯಲ್ಲೇ ಮಾತು ಕಲಿಸಿದ. ಆದರೂ ಮೊದಲ ದಿನ, ನಮ್ಮ ಭಾಷೆಯ ಒಂದಕ್ಷರ ತಿಳಿಯದ ಹುಡುಗಿ ಅವನ ಮುಂದೆ ಲೋಟವಿಟ್ಟು ಅಚ್ಚ ಕನ್ನಡದಲ್ಲಿ ಕೇಳಿದಳು, ಕೇಳಿ ಕೆಮ್ಮಿದಳು. ಅಲ್ಲಿಯೂ ಅವನು ಅದೇ ಉತ್ತರ ಕೊಟ್ಟ. ಜನ ಮಾತ್ರ ಮೂಗಿನ ಮೇಲೆ ಬೆರಳಿಟ್ಟುಕೊಂಡು, “ಈ ಮನುಷ್ಯನಿಗೆ ಎಂಥ ಆಸೆಯಪ್ಪ!” ಎಂದರು. ಪಾಪ, ಈಗಲೂ ತೆರೆಯುತ್ತಲೇ ಇದ್ದಾನೆ.

“ಇನ್ನೆಷ್ಟು ಅಂಗಡಿ ತೆರೆದರೆ ಅವನಿಗೆ ಬಿಡುಗಡೆ, ಗುರುಗಳೇ?” ಎಂದು ಶಿಷ್ಯ ಮೆಲ್ಲಗೆ ಕೇಳಿದ.

ಗುರು ಹೇಳಿದರು: “ಅವಳಿಗೆ ಒಂದು ಸಲ ನಿಜ ಹೇಳಿದರೆ ಸಾಕು; ಆದರೆ ಅಂಗಡಿ ತೆರೆಯುವುದು ಅದಕ್ಕಿಂತ ಸುಲಭ ಕಣಯ್ಯ.”